ತುಂಗಭದ್ರೆಯ ಗಡಿಯಲ್ಲೊಂದು ಪ್ರಯೋಗ

ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದಿಂದ ತುಂಗಭದ್ರೆಯ ಸೇತುವೆ ದಾಟಿದರೆ ಹರಿಹರ. ಈ ಕಡೆ ಹಾವೇರಿ ಜಿಲ್ಲೆ, ಆ ಕಡೆ ದಾವಣಗೆರೆ. ಮಳೆ, ಮೆಕ್ಕೆಜೋಳ, ಸಂತೆಯ ರೇಟು ಎಲ್ಲ ಹೆಚ್ಚೂಕಡಿಮೆ ಒಂದೇ. ಆದರೆ 2010ರಿಂದ 2012ರ ನಡುವೆ ಒಂದು ವಿಷಯದಲ್ಲಿ ಈ ಗಡಿ ಭಾರಿ ಲೆಕ್ಕಕ್ಕೆ ಬಂತು.

ಆಗ ಬಂದದ್ದು ರಾಜ್ಯ ಸರ್ಕಾರದ ಆರೋಗ್ಯ ವಿಮೆ ಯೋಜನೆ, ವಾಜಪೇಯಿ ಆರೋಗ್ಯಶ್ರೀ. ಬಿಪಿಎಲ್ ಮನೆಯವರಿಗೆ ಹೃದಯ, ಕ್ಯಾನ್ಸರ್, ಕಿಡ್ನಿ, ಸುಟ್ಟಗಾಯ ಮುಂತಾದ ದೊಡ್ಡ ಚಿಕಿತ್ಸೆಗಳು ಉಚಿತ. ವಿಮೆಯ ಕಂತು ಕಟ್ಟಬೇಕಿಲ್ಲ, ರೇಷನ್ ಕಾರ್ಡ್ ಇದ್ದರೆ ಸಾಕು. ಮೊದಲು ಜಾರಿಯಾದದ್ದು ಕಲಬುರಗಿ, ಬೆಳಗಾವಿ ವಿಭಾಗಗಳಲ್ಲಿ. ಧಾರವಾಡ, ಗದಗ, ಹಾವೇರಿ ಮೂರೂ ಬೆಳಗಾವಿ ವಿಭಾಗದವು. ದಾವಣಗೆರೆ ಬೆಂಗಳೂರು ವಿಭಾಗದ್ದು, ಅಲ್ಲಿಯವರು ಕಾಯಬೇಕಾಯಿತು. (ಉತ್ತರ ಕರ್ನಾಟಕಕ್ಕೆ ಮೊದಲು ಸಿಕ್ಕಿತಾ ಅಂತ ಹುಬ್ಬೇರಿಸಬೇಡಿ. ಅಪರೂಪಕ್ಕೆ ಹಾಗೂ ಆಗುತ್ತದೆ.)

ಸಂಶೋಧಕರಿಗೆ ಇದು ಹಬ್ಬ. ವಿಮೆ ಇದ್ದವರನ್ನೂ ಇಲ್ಲದವರನ್ನೂ ಸುಮ್ನೆ ಹೋಲಿಸಿದರೆ ಲೆಕ್ಕ ಹಳಿ ತಪ್ಪುತ್ತದೆ. ವಿಮೆ ಮಾಡಿಸುವವರ ಕೈಯಲ್ಲಿ ಒಂದಿಷ್ಟು ದುಡ್ಡು ಇರುತ್ತದೆ, ಇಲ್ಲವೇ ಮೈಯಲ್ಲಿ ಆಗಲೇ ಕಾಯಿಲೆ ಇರುತ್ತದೆ. ಇಲ್ಲಿ ಹಾಗಲ್ಲ. ಯಾರಿಗೆ ಸಿಗಬೇಕು ಅಂತ ತೀರ್ಮಾನಿಸಿದ್ದು ನಕ್ಷೆಯ ಮೇಲಿನ ಒಂದು ಗೆರೆ. ನೀರಜ್ ಸೂದ್, ಬೆಂಗಳೂರು ಐಐಎಂನ ಅರ್ನಬ್ ಮುಖರ್ಜಿ ಮತ್ತು ಜೊತೆಗಾರರು ಯೋಜನೆ ಇದ್ದ 300 ಹಳ್ಳಿ, ಇಲ್ಲದ 272 ಹಳ್ಳಿಗಳಿಂದ ಸುಮಾರು 60 ಸಾವಿರ ಮನೆಗಳ ಮಾಹಿತಿ ತೆಗೆದುಕೊಂಡರು. 2014ರಲ್ಲಿ ಆ ಅಧ್ಯಯನ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು.

ಯೋಜನೆಯಡಿ ಬರುವ ಕಾಯಿಲೆಗಳಿಂದ ಸತ್ತವರ ಪ್ರಮಾಣ, ಯೋಜನೆ ಇದ್ದ ಕಡೆಯ ಬಿಪಿಎಲ್ ಮನೆಗಳಲ್ಲಿ ಶೇ 0.32. ಇಲ್ಲದ ಕಡೆ ಶೇ 0.90.

ಇಷ್ಟೊಂದು ವ್ಯತ್ಯಾಸ ನೋಡಿದರೆ ಅನುಮಾನ ಬರುತ್ತದೆ, ಬರಲೇಬೇಕು. ಸಾವಿನ ಕಾರಣ ಗೊತ್ತಾಗಿದ್ದು ಮನೆಯವರ ಮಾತಿನಿಂದ, ದಾಖಲೆಯಿಂದ ಅಲ್ಲ. ಗಡಿಯ ಆಚೆಗೆ ಬೇರೆ ಏನೋ ತೊಂದರೆ ಇದ್ದಿರಬಹುದಲ್ವಾ? ಅದಕ್ಕೇ ಅವರು ಅದೇ ಹಳ್ಳಿಗಳ ಎಪಿಎಲ್ ಮನೆಗಳನ್ನೂ ನೋಡಿದರು. ಅವೇ ರಸ್ತೆ, ಅವೇ ಡಾಕ್ಟರು, ಯೋಜನೆ ಮಾತ್ರ ಇವರಿಗಿಲ್ಲ. ಅಲ್ಲಿ ಶೇ 0.56 ಮತ್ತು 0.55. ಗಡಿ ದಾಟಿದರೂ ವ್ಯತ್ಯಾಸವೇ ಇಲ್ಲ! ಇಡೀ ಅಧ್ಯಯನದಲ್ಲಿ ನನಗೆ ಜಾಸ್ತಿ ಹಿಡಿಸಿದ್ದು ಈ ಜೋಡಿ ಅಂಕಿ.

ಹಾಗಾದರೆ ಕಾರ್ಡು ಜೀವ ಉಳಿಸಿತೇ? ಕಾರ್ಡೊಂದೇ ಅಲ್ಲ ಅಂತ ನನಗನ್ನಿಸುತ್ತದೆ. ಆ ಯೋಜನೆಯವರು ಹಳ್ಳಿ ಕಡೆ ಆರೋಗ್ಯ ಶಿಬಿರ ಮಾಡುತ್ತಿದ್ದರು. ಎದೆನೋವಿದ್ದವರನ್ನು, ಗಡ್ಡೆ ಇದ್ದವರನ್ನು ಅಲ್ಲೇ ಗುರುತಿಸಿ ದೊಡ್ಡ ಆಸ್ಪತ್ರೆಗೆ ಕಳಿಸುತ್ತಿದ್ದರು. ಆಸ್ಪತ್ರೆಯೇ ಅರ್ಧ ದಾರಿ ನಡೆದು ಬಂದ ಹಾಗೆ.

2018ರಿಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಇಡೀ ರಾಜ್ಯಕ್ಕಿದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ, ಅಂದರೆ ಆ ಚಿಕಿತ್ಸೆಗೆ ಸರ್ಕಾರ ನಿಗದಿ ಮಾಡಿದ ದರದ ಶೇ 30, ವರ್ಷಕ್ಕೆ ಒಂದೂವರೆ ಲಕ್ಷ ದಾಟದಂತೆ. ಕಾಗದದ ಮೇಲೆ ಹುಬ್ಬಳ್ಳಿಯವರಿಗೂ ಗದಗ ಜಿಲ್ಲೆಯ ಮುಂಡರಗಿಯವರಿಗೂ ಒಂದೇ ವಿಮೆ. ಆದರೆ ತಜ್ಞರು ಗುಂಪುಗೂಡಿರುವುದು ಹುಬ್ಬಳ್ಳಿ-ಧಾರವಾಡದಲ್ಲಿ. ಹುಬ್ಬಳ್ಳಿಯ ಸರ್ಕಾರಿ ಮೆಡಿಕಲ್ ಕಾಲೇಜು ಕಿಮ್ಸ್ ಶುರುವಾಗಿದ್ದು 1957ರಲ್ಲಿ. ಗದಗಕ್ಕೆ ಸರ್ಕಾರಿ ಮೆಡಿಕಲ್ ಕಾಲೇಜು ಬಂದದ್ದು 2015ರಲ್ಲಿ, ಹಾವೇರಿಗೆ ಇನ್ನೂ ಈಚೆಗೆ. ಪಾರ್ಶ್ವವಾಯುವಿಗೆ ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಬೀಳಬೇಕು, ಅದಕ್ಕೂ ಮೊದಲು ಸಿ.ಟಿ. ಸ್ಕ್ಯಾನ್ ಆಗಬೇಕು. ಆ ಗಡಿಯಾರ ಹುಬ್ಬಳ್ಳಿ ವಿದ್ಯಾನಗರದ ಮನೆಯಲ್ಲಿ ನಡೆದಷ್ಟೇ ಜೋರಾಗಿ ರೋಣದ ಹೊಲದಲ್ಲೂ ನಡೆಯುತ್ತದೆ.

ಇನ್ನೊಂದು ಗೋಜಲೂ ಇದೆ. ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಯ ಕೌಂಟರಿನಲ್ಲಿ ಯೋಜನೆಯ ರೋಗಿಗಳಿಗೆ ನೆರವಾಗುವ ಆರೋಗ್ಯ ಮಿತ್ರ ಕೇಳುತ್ತಿದ್ದರು: "ಅಜ್ಜಾರ, ರೆಫರ್ ಚೀಟಿ ತಂದೀರೇನ್ರಿ?" ಅಜ್ಜ ಪ್ಲಾಸ್ಟಿಕ್ ಕವರಿನಿಂದ ರೇಷನ್ ಕಾರ್ಡ್ ತೆಗೆದು, "ಕಾರ್ಡ್ ಐತಲ್ರೀ" ಅಂದರು. ತುರ್ತು ಪಟ್ಟಿಯಲ್ಲಿಲ್ಲದ ಚಿಕಿತ್ಸೆಗೆ ಖಾಸಗಿಗೆ ಬರಬೇಕಾದರೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಬೇಕು. ಸರ್ಕಾರಿ ಆಸ್ಪತ್ರೆಯಲ್ಲೇ ಆಗುವ ಕೆಲಸ ಅಲ್ಲೇ ಆಗಲಿ ಅನ್ನುವುದು ಉದ್ದೇಶ, ತಪ್ಪೇನಿಲ್ಲ. ಆದರೆ ಚೀಟಿಗಾಗಿ ಮರಳಿ ಹೋಗುವುದು ಹುಬ್ಬಳ್ಳಿಯವರಿಗೆ ಒಂದು ಸಿಟಿ ಬಸ್ಸು, ದೂರದವರಿಗೆ ಇಡೀ ಒಂದು ದಿನ.

ಡಯಾಲಿಸಿಸ್‌ನಲ್ಲಿ ಇದು ಎದ್ದು ಕಾಣುತ್ತದೆ. ವಾರಕ್ಕೆ ಎರಡು-ಮೂರು ಸಲ, ಪ್ರತಿ ಸಲ ಸುಮಾರು ನಾಲ್ಕು ತಾಸು. ಚಿಕಿತ್ಸೆ ಪುಕ್ಕಟೆ ಇದ್ದರೂ ಮುಂಡರಗಿಯಿಂದ ಹುಬ್ಬಳ್ಳಿಗೆ ಹೋಗಿಬರಲು ಹೆಚ್ಚುಕಡಿಮೆ 190 ಕಿಲೋಮೀಟರ್. ಜೊತೆಗೆ ಬಂದವರ ಕೂಲಿ ಹೋಯಿತು. ಈ ಖರ್ಚು ಯಾವ ಪ್ಯಾಕೇಜಿನಲ್ಲೂ ಇಲ್ಲ. ಹಾಗಾಗಿ ತಾಲ್ಲೂಕು ಆಸ್ಪತ್ರೆಯಲ್ಲಿ ನಡೆಯುವ ಒಂದು ಡಯಾಲಿಸಿಸ್ ಮಷಿನ್ನು ವಿಮೆಯ ಮೊತ್ತ ಏರಿಸಿದ್ದಕ್ಕಿಂತ ದೊಡ್ಡ ನೆರವು. 2023ರ ಶಕ್ತಿ ಯೋಜನೆಯನ್ನೂ ನಾನು ಅರ್ಧ ಆರೋಗ್ಯ ಯೋಜನೆ ಅಂತಲೇ ಎಣಿಸುತ್ತೇನೆ: ಹೆಣ್ಣುಮಕ್ಕಳಿಗೆ ಬಸ್ಸಿನ ಖರ್ಚಾದರೂ ಉಳಿಯಿತು. ಗಂಡಸು ರೋಗಿಗೆ ಇವತ್ತಿಗೂ ಟಿಕೆಟ್ಟು.