ಕಜ್ಜಿ, ಲೀಶ್ಮೇನಿಯಾ ಮತ್ತು ನ್ಯಾನೋ ವಾಹಕ: ಔಷಧಿ ಎಷ್ಟು ಆಳಕ್ಕೆ ಇಳಿಯಬೇಕು?

ಚರ್ಮದ ಪರಾವಲಂಬಿಗಳಿಗೆ ಹಚ್ಚುವ ಔಷಧಿಯ ನ್ಯಾನೋ ವಾಹಕಗಳ ಪಾಠ ಅಂದ ತಕ್ಷಣ ಎಲ್ಲರೂ ಲಿಪೊಸೋಮ್, ನಿಯೋಸೋಮ್, ಎಥೋಸೋಮ್ ಅಂತ ಔಷಧಿ ಹೊತ್ತೊಯ್ಯುವ ಅತಿಸಣ್ಣ ಗುಳ್ಳೆಗಳ ಹೆಸರು ಬಾಯಿಪಾಠ ಮಾಡೋಕೆ ಕೂರುತ್ತಾರೆ. ನನ್ನ ಪ್ರಕಾರ ಅದು ತಲೆಕೆಳಗು. ಪರಾವಲಂಬಿ ಚರ್ಮದ ಯಾವ ಪದರದಲ್ಲಿ ಕೂತಿದೆ ಅಂತ ಮೊದಲು ನೋಡಿ. ಯಾವ ವಾಹಕ ಬೇಕು ಅನ್ನೋದು ಆಮೇಲೆ ತಾನಾಗಿ ಹೊಳೆಯುತ್ತದೆ.

ನಮಗೆಲ್ಲ ಪರಿಚಯ ಇರುವ ಕಜ್ಜಿಯನ್ನೇ ತಗೊಳ್ಳಿ. ಶಿವಮೊಗ್ಗದ ಮಳೆಗಾಲ, ಹಾಸ್ಟೆಲ್ ರೂಮು, ಒಬ್ಬರ ಹೊದಿಕೆ ಇನ್ನೊಬ್ಬರ ಮೈಮೇಲೆ. ಅರ್ಧ ಮಿಲಿಮೀಟರೂ ಇಲ್ಲದ ಹೆಣ್ಣು ಹುಳ ಚರ್ಮದ ತೀರಾ ಮೇಲಿನ ಸತ್ತ ಪದರದಲ್ಲಿ, ಅಂದರೆ ಸ್ಟ್ರೇಟಮ್ ಕಾರ್ನಿಯಂನಲ್ಲಿ, ಸುರಂಗ ಕೊರೆದು ಮೊಟ್ಟೆ ಇಡುತ್ತದೆ. ಔಷಧಿ ಅಲ್ಲೇ ನಿಂತರೆ ಸಾಕು. 5% ಪರ್ಮೆಥ್ರಿನ್ ಕ್ರೀಮನ್ನು ಕುತ್ತಿಗೆಯಿಂದ ಅಂಗಾಲಿನವರೆಗೆ ಹಚ್ಚಿ 8ರಿಂದ 14 ಗಂಟೆ ಬಿಡೋದು, ಮನೆಯವರೆಲ್ಲ ಒಂದೇ ದಿನ ಹಚ್ಚಿಕೊಳ್ಳೋದು, ಮೊಟ್ಟೆಯೊಡೆದು ಬಂದ ಮರಿಗಳಿಗಾಗಿ ಒಂದೆರಡು ವಾರದಲ್ಲಿ ಇನ್ನೊಂದು ಸಲ ಹಚ್ಚೋದು, ಇದೆಲ್ಲ ನಿಮಗೆ ಗೊತ್ತಿದ್ದದ್ದೇ. ಇಲ್ಲಿ ವಾಹಕದ ಕೆಲಸ ಔಷಧಿಯನ್ನು ಆ ಪದರದಲ್ಲೇ ಹಿಡಿದಿಡುವುದು, ರಕ್ತಕ್ಕೆ ಹೋಗದಂತೆ ನೋಡಿಕೊಳ್ಳುವುದು. ಘನ ಲಿಪಿಡ್ ನ್ಯಾನೋಕಣ, ಅಂದರೆ ಗಟ್ಟಿ ಕೊಬ್ಬಿನ ಅತಿಸಣ್ಣ ಕಣ, ಇದಕ್ಕೆ ಹೊಂದುತ್ತದೆ. ಅದು ಚರ್ಮದ ಮೇಲೆ ತೆಳುವಾಗಿ ಹರಡಿ ನೀರಿನಂಶ ಆರದಂತೆ ತಡೆಯುತ್ತದೆ.

ಮಂಗನ ಕಾಯಿಲೆ ಈ ಪಾಠಕ್ಕೆ ಸೇರಲ್ಲ. ಅದು ವೈರಸ್ಸಿನಿಂದ ಬರುವುದು, ಉಣುಗು ಅದನ್ನು ಹೊತ್ತು ತರುತ್ತದೆ ಅಷ್ಟೇ. ಆದರೆ ಕಾಡಿಗೆ ಹೋಗುವಾಗ ಉಣುಗು ಹತ್ತದಂತೆ ಹಚ್ಚಿಕೊಳ್ಳುವ ಡೆಪಾ ಎಣ್ಣೆ ಒಳ್ಳೇ ಉದಾಹರಣೆ. ಅದು ಚರ್ಮದ ಮೇಲೇ ಇರಬೇಕು, ಒಳಗೆ ಇಳಿದಷ್ಟೂ ದಂಡ.

ಲೀಶ್ಮೇನಿಯಾ ಅನ್ನೋ ಏಕಕೋಶ ಪರಾವಲಂಬಿಯ ಕಥೆ ಬೇರೆ. ಚರ್ಮಕ್ಕೆ ಬರುವ ಈ ರೋಗ ನಮ್ಮ ದೇಶದಲ್ಲಿ ರಾಜಸ್ಥಾನದ ಬಿಕಾನೇರ್ ಕಡೆ, ಹಿಮಾಚಲದಲ್ಲಿ ಮತ್ತು ಕೇರಳದ ಪಶ್ಚಿಮಘಟ್ಟದಲ್ಲಿ ಕಂಡಿದೆ. ಮರಳುನೊಣ ಕಚ್ಚಿದಾಗ ಒಳಹೊಕ್ಕ ಪರಾವಲಂಬಿ ಚರ್ಮದ ಒಳಪದರವಾದ ಡರ್ಮಿಸ್‌ಗೆ ಇಳಿದು, ಅದನ್ನು ತಿಂದು ಹಾಕಬೇಕಿದ್ದ ಮ್ಯಾಕ್ರೋಫೇಜ್ ಕೋಶದ ಹೊಟ್ಟೆಯಲ್ಲೇ ಸಂಸಾರ ಹೂಡುತ್ತದೆ. ಅಲ್ಲಿಗೆ ತಲುಪಲು ಮೇಲಿನ ಪದರ ದಾಟಬೇಕು. ಆ ಪದರ ನಮ್ಮ ಜಂಬಿಟ್ಟಿಗೆ ಗೋಡೆಯ ಹಾಗೆ: ಸತ್ತ ಕೋಶಗಳು ಕಲ್ಲು, ನಡುವಿನ ಕೊಬ್ಬು ಗಾರೆ. ಅಣುತೂಕದಲ್ಲಿ ಸುಮಾರು 500 ಡಾಲ್ಟನ್‌ಗಿಂತ ದೊಡ್ಡ ಅಣು ಇದರಲ್ಲಿ ನುಸುಳುವುದು ಕಷ್ಟ. ಲೀಶ್ಮೇನಿಯಾಗೆ ಕೊಡುವ ಔಷಧಿಗಳಲ್ಲಿ ಆಂಫೊಟೆರಿಸಿನ್ ಬಿ 924 ಡಾಲ್ಟನ್, ಮೇಲಾಗಿ ನೀರಲ್ಲಿ ಕರಗಲ್ಲ. ಪ್ಯಾರೊಮೊಮೈಸಿನ್ 615, ಅದಕ್ಕೆ ನೀರೇ ಇಷ್ಟ, ಕೊಬ್ಬು ಆಗಿಬರಲ್ಲ.

ಎಥೋಸೋಮ್‌ನಲ್ಲಿ ಎಥನಾಲ್ ಜಾಸ್ತಿ, ಸಾಮಾನ್ಯವಾಗಿ 20ರಿಂದ 45%. ಅದು ನಡುವಿನ ಕೊಬ್ಬನ್ನು ಸಡಿಲ ಮಾಡುತ್ತದೆ. ಟ್ರಾನ್ಸ್‌ಫರ್ಸೋಮ್‌ನಲ್ಲಿ ಟ್ವೀನ್ 80 ಥರದ ಸರ್ಫ್ಯಾಕ್ಟಂಟ್ (ಸೋಪಿನಂಥ ವಸ್ತು) ಸೇರಿಸಿ ಗುಳ್ಳೆಯ ಗೋಡೆಯನ್ನು ಬಳುಕುವಂತೆ ಮಾಡಿರುತ್ತಾರೆ. ಚರ್ಮದ ಮೇಲ್ಭಾಗ ಒಣಗಿರುತ್ತದೆ, ಒಳಗೆ ತೇವ ಇರುತ್ತದೆ. ಗುಳ್ಳೆ ತೇವದ ಕಡೆಗೆ ಎಳೆದುಕೊಂಡು ಹೋಗುತ್ತದೆ ಅನ್ನೋದು ಇದರ ಹಿಂದಿನ ವಾದ. ಹಾಗಾದರೆ ಹಚ್ಚಿದ ಮೇಲೆ ಪ್ಲಾಸ್ಟಿಕ್ ಸುತ್ತಿ ಮುಚ್ಚಿದರೆ ಎರಡೂ ಕಡೆ ತೇವ ಆಗಿ ಆ ಎಳೆತವೇ ಹೋಯ್ತು, ಅಲ್ವಾ? ತೇವ ಆರದಂತೆ ಮುಚ್ಚುವುದು ಘನ ಲಿಪಿಡ್ ಕಣಕ್ಕೆ ಅನುಕೂಲ, ಈ ಗುಳ್ಳೆಗೆ ಅದೇ ಅಡ್ಡಿ. ವೈವಾದಲ್ಲಿ ಕೇಳೋಕೆ ಹೇಳಿ ಮಾಡಿಸಿದಂಥ ಪ್ರಶ್ನೆ ಇದು.

ಗುಳ್ಳೆ ಇಡಿಯಾಗಿ ಡರ್ಮಿಸ್‌ವರೆಗೆ ಹೋಗುತ್ತದೆ ಅಂತ ಸುಮ್ನೆ ಬರೆದುಬಿಡಬೇಡಿ, ಅದರ ಬಗ್ಗೆ ಇನ್ನೂ ವಾದ ಇದೆ. ಹೋದರೆ ಮಾತ್ರ ಲಾಭ ದೊಡ್ಡದು. ಕಣ ನುಂಗುವುದೇ ಮ್ಯಾಕ್ರೋಫೇಜಿನ ಕಸುಬು, ಹಾಗಾಗಿ ಔಷಧಿಯನ್ನು ಅದೇ ಪರಾವಲಂಬಿಯ ಬಳಿಗೆ ಒಯ್ಯುತ್ತದೆ.

ಇನ್ನು ಔಷಧಿ ಚರ್ಮದಲ್ಲಿ ಎಷ್ಟು ದಾಟುತ್ತದೆ ಅಂತ ಅಳೆಯುವ ಫ್ರಾಂಜ್ ಸೆಲ್. ಗಾಜಿನ ಎರಡು ಕೋಣೆ, ನಡುವೆ ಹಂದಿಕಿವಿಯ ಚರ್ಮ, ಮೇಲೆ ಜೆಲ್, ಕೆಳಗೆ ತಿರುಗುತ್ತಿರುವ ದ್ರಾವಣ. ಕೆಳಗೆ ಔಷಧಿ ಜಾಸ್ತಿ ಬಂದರೆ ಗೆದ್ದೆವು ಅಂತ ಬರೆಯೋರೇ ಜಾಸ್ತಿ. ಕಜ್ಜಿಗಾದರೆ ಅದು ಕೆಟ್ಟ ಫಲಿತಾಂಶ! ಲೀಶ್ಮೇನಿಯಾಗೂ ಬೇಕಾದದ್ದು ಡರ್ಮಿಸ್‌ನಲ್ಲಿ ಉಳಿದ ಪ್ರಮಾಣ. ಅದಕ್ಕೇ ಕೊನೆಗೆ ಟೇಪ್ ಅಂಟಿಸಿ ಕಿತ್ತು ಮೇಲಿನ ಪದರವನ್ನು ಒಂದೊಂದಾಗಿ ತೆಗೆದು, ಉಳಿದ ಚರ್ಮವನ್ನು ಬೇರೆಯಾಗಿ ಅಳೆಯುತ್ತಾರೆ. ಆಂಫೊಟೆರಿಸಿನ್ ಆದರೆ ಕೆಳಗಿನ ದ್ರಾವಣದಲ್ಲಿ ಅದು ಕರಗುತ್ತದಾ ಅಂತ ಮೊದಲೇ ನೋಡಿಕೊಳ್ಳಿ, ಇಲ್ಲದಿದ್ದರೆ ದಾಟಿ ಬಂದದ್ದೂ ಲೆಕ್ಕಕ್ಕೆ ಸಿಗಲ್ಲ. ಹುಣ್ಣು ಒಡೆದ ಜಾಗದಲ್ಲಂತೂ ಮೇಲಿನ ಪದರವೇ ಇರಲ್ಲ, ಒಡೆಯದ ಚರ್ಮದ ಮೇಲೆ ಬಂದ ಅಂಕಿ ಅಲ್ಲಿಗೆ ಹೊಂದಲ್ಲ.