ಎಪ್ಸಂ ಉಪ್ಪು ಹೆರಿಗೆ ಕೋಣೆಗೆ ಬಂದ ದಾರಿ

ಹೆರಿಗೆ ಕೋಣೆಯ ಎಮರ್ಜೆನ್ಸಿ ಟ್ರೇಯಲ್ಲಿರುವ ಮ್ಯಾಗ್ನೀಸಿಯಂ ಸಲ್ಫೇಟ್ ತೀರಾ ಹಳೆಯ ವಸ್ತು. ಇಂಗ್ಲೆಂಡಿನ ಎಪ್ಸಂ ಊರಿನ ಕಹಿನೀರಿನಿಂದ 17ನೇ ಶತಮಾನದಲ್ಲೇ ತೆಗೆದು, ಭೇದಿ ಮಾಡಿಸಲು ಕೊಡುತ್ತಿದ್ದ ಉಪ್ಪು. ಗರ್ಭನಂಜು (ಬಸಿರಿನಲ್ಲಿ ಬಿ.ಪಿ. ಏರುವ ಕಾಯಿಲೆ) ಏರಿ ಫಿಟ್ಸ್ ಬಂದ ಹೆಂಗಸರಿಗೆ ಇದನ್ನು ರಕ್ತನಾಳಕ್ಕೆ ಕೊಡುವ ಪದ್ಧತಿ ಅಮೆರಿಕದಲ್ಲಿ ಬೆಳೆದದ್ದು 1920ರ ದಶಕದಲ್ಲಿ. ಡಲ್ಲಾಸ್‌ನ ಪಾರ್ಕ್‌ಲ್ಯಾಂಡ್ ಆಸ್ಪತ್ರೆಯಲ್ಲಿ ವೈದ್ಯ ಪ್ರಿಚರ್ಡ್ 1955ರಿಂದ ರೂಢಿಗೆ ತಂದ ಕ್ರಮವನ್ನೇ ನಾವು ಇಂದಿಗೂ ಅವರ ಹೆಸರಿನಲ್ಲಿ ಕರೆಯುತ್ತೇವೆ.

ಉಳಿದ ಹಲವು ದೇಶಗಳು ಮಾತ್ರ ದಶಕಗಟ್ಟಲೆ ಒಪ್ಪಲಿಲ್ಲ. ಬ್ರಿಟನ್‌ನಲ್ಲಿ ಮಂಪರು ತರಿಸುವ ಔಷಧ ಡಯಾಜೆಪಾಮ್ ನಡೆಯುತ್ತಿತ್ತು. ನಮ್ಮಲ್ಲಿ ಮದ್ರಾಸಿನ ವೈದ್ಯ ಕೃಷ್ಣ ಮೆನನ್ ಅವರ ‘ಲಿಟಿಕ್ ಕಾಕ್‌ಟೇಲ್’ ಎಂಬ ಮೂರು ಔಷಧಗಳ ಮಿಶ್ರಣವಿತ್ತು: ಕ್ಲೋರ್‌ಪ್ರೊಮಜೀನ್, ಪ್ರೊಮೆಥಜೀನ್, ಪೆಥಿಡೀನ್. ವಾದ ಮುಗಿದದ್ದು 1995ರಲ್ಲಿ, ಭಾರತವೂ ಸೇರಿದ್ದ ಹಲವು ದೇಶಗಳ ಪರೀಕ್ಷೆಯಿಂದ. ಮ್ಯಾಗ್ನೀಸಿಯಂ ಕೊಟ್ಟವರಲ್ಲಿ ಮರುಕಳಿಸುವ ಫಿಟ್ಸ್ ಡಯಾಜೆಪಾಮ್‌ಗಿಂತ 52%, ಫಿಟ್ಸ್‌ನ ಇನ್ನೊಂದು ಔಷಧ ಫೆನಿಟಾಯಿನ್‌ಗಿಂತ 67% ಕಡಿಮೆ. 2002ರ ಮ್ಯಾಗ್‌ಪೈ ಪರೀಕ್ಷೆಯಲ್ಲಿ ಸುಮಾರು 10,000 ಹೆಂಗಸರಿದ್ದರು. ಫಿಟ್ಸ್ ಬರುವ ಮೊದಲೇ ಕೊಟ್ಟರೆ ಅಪಾಯ ಅರ್ಧಕ್ಕಿಂತ ಹೆಚ್ಚು ಇಳಿಯುತ್ತದೆಂದು ಅದು ತೋರಿಸಿತು. ಇಷ್ಟು ಅಗ್ಗದ ಔಷಧ ಇಷ್ಟು ವರ್ಷ ಕಾಯಬೇಕಾಗಿ ಬಂದದ್ದು ದೊಡ್ಡ ನಷ್ಟ.

ಈಗ ಉಳಿದಿರುವುದು ಭಯ, ಮತ್ತು ಲೆಕ್ಕದ ಗೊಂದಲ. ಆಂಪ್ಯೂಲ್ ಮೇಲೆ 50% ಎಂದಿದ್ದರೆ 2 ಮಿ.ಲೀ.ಯಲ್ಲಿ 1 ಗ್ರಾಂ ಇದೆ. ಮೊದಲ 4 ಗ್ರಾಂಗೆ ನಾಲ್ಕು ಆಂಪ್ಯೂಲ್, ಅಂದರೆ 8 ಮಿ.ಲೀ. ಅದಕ್ಕೆ 12 ಮಿ.ಲೀ. ಸಲೈನ್ ಬೆರೆಸಿದರೆ 20 ಮಿ.ಲೀ., 20%. ಇದನ್ನು 5ರಿಂದ 20 ನಿಮಿಷದಲ್ಲಿ ನಿಧಾನವಾಗಿ ರಕ್ತನಾಳಕ್ಕೆ ಕೊಡಬೇಕು. 50% ದ್ರಾವಣವನ್ನು ಹಾಗೇ ರಕ್ತನಾಳಕ್ಕೆ ಒತ್ತಿದರೆ ಬಿ.ಪಿ. ಕುಸಿಯಬಹುದು, ಹೃದಯವೇ ನಿಲ್ಲಬಹುದು. ಜೊತೆಗೆ ಎರಡೂ ಪೃಷ್ಠಗಳಿಗೆ ತಲಾ 5 ಗ್ರಾಂ, ಸ್ನಾಯುವಿನ ಆಳಕ್ಕೆ. ಇದಕ್ಕೆ ನೀರು ಬೆರೆಸುವುದಿಲ್ಲ, ನೋವಿಗೆ 1 ಮಿ.ಲೀ. ಲಿಗ್ನೊಕೇನ್ ಸೇರಿಸುತ್ತಾರೆ. ಆಮೇಲೆ 4 ಗಂಟೆಗೊಮ್ಮೆ 5 ಗ್ರಾಂ, ಬದಿ ಬದಲಿಸುತ್ತ, ಹೆರಿಗೆ, ಕೊನೆಯ ಫಿಟ್ಸ್ ಇವೆರಡರಲ್ಲಿ ಯಾವುದು ನಂತರವೋ ಅದಾಗಿ 24 ಗಂಟೆಯವರೆಗೆ. ಇದು ಬಿ.ಪಿ.ಯ ಔಷಧವಲ್ಲ, ಅದಕ್ಕೆ ಲ್ಯಾಬೆಟಲಾಲ್ ಅಥವಾ ನಿಫೆಡಿಪಿನ್ ಬೇರೆಯೇ ಬೇಕು.

ಮ್ಯಾಗ್ನೀಸಿಯಂ ಹೊರಹೋಗುವುದು ಮೂತ್ರದ ಮೂಲಕವೇ. ಮೂತ್ರ ಕಟ್ಟಿದರೆ ಅದು ರಕ್ತದಲ್ಲಿ ಏರುತ್ತ ಹೋಗಿ, ನರದಿಂದ ಸ್ನಾಯುವಿಗೆ ಹೋಗುವ ಸಂದೇಶವನ್ನು ತಡೆಯುತ್ತದೆ. ಆದರೆ ಉಸಿರು ನಿಲ್ಲುವ ಮೊದಲು ಮೊಣಕಾಲಿನ ಜರ್ಕ್ (ಸುತ್ತಿಗೆಯಿಂದ ತಟ್ಟಿದಾಗ ಕಾಲು ತಾನಾಗಿ ಚಿಮ್ಮುವುದು) ಮಾಯವಾಗುತ್ತದೆ. ಹಾಗಾಗಿ ಲ್ಯಾಬ್ ಇಲ್ಲದ ಕಡೆಯೂ ಒಂದು ರಬ್ಬರ್ ಸುತ್ತಿಗೆ ತಾಯಿಯನ್ನು ಕಾಯಬಲ್ಲದು. ಪ್ರತಿ ಡೋಸ್‌ಗೂ ಮುಂಚೆ ಮೂರು ನೋಡಬೇಕು: ಜರ್ಕ್ ಇದೆಯೇ, ಉಸಿರು ನಿಮಿಷಕ್ಕೆ 16ಕ್ಕೆ ಕಡಿಮೆಯಿಲ್ಲವೇ, ಹಿಂದಿನ 4 ಗಂಟೆಯಲ್ಲಿ ಮೂತ್ರ ಗಂಟೆಗೆ 30 ಮಿ.ಲೀ. ಬಂದಿದೆಯೇ. ಒಂದು ತಪ್ಪಿದರೂ ಡೋಸ್ ತಡೆಹಿಡಿಯಬೇಕು. ಉಸಿರು ಕುಗ್ಗಿದರೆ ಆಕ್ಸಿಜನ್, ಉಸಿರಾಟಕ್ಕೆ ಆಸರೆ, ಜೊತೆಗೆ ಮ್ಯಾಗ್ನೀಸಿಯಂಗೆ ಪ್ರತ್ಯೌಷಧವಾದ 10% ಕ್ಯಾಲ್ಸಿಯಂ ಗ್ಲುಕೊನೇಟ್ 10 ಮಿ.ಲೀ. ನಿಧಾನವಾಗಿ ರಕ್ತನಾಳಕ್ಕೆ. ಅದು ಬೀರುವಿನಲ್ಲಿದ್ದರೆ ಸಾಲದು, ಮಂಚದ ಪಕ್ಕದಲ್ಲೇ ಇರಬೇಕು. ಮಯಸ್ತೇನಿಯಾ (ಸ್ನಾಯುಗಳು ಸೋಲುವ ಕಾಯಿಲೆ) ಇರುವವರಿಗೆ ಮ್ಯಾಗ್ನೀಸಿಯಂ ಕೊಡುವಂತಿಲ್ಲ.

ದೊಡ್ಡ ಆಸ್ಪತ್ರೆಗೆ ಕಳಿಸುವ ಮೊದಲು ಎ.ಎನ್.ಎಂ. (ಹಳ್ಳಿಯ ಆರೋಗ್ಯ ಕಾರ್ಯಕರ್ತೆ) ಸಿಸ್ಟರ್ ಕೊಡಬಹುದಾದ ಮೊದಲ ಡೋಸ್ ಪೃಷ್ಠಗಳಿಗೆ ತಲಾ 5 ಗ್ರಾಂ. ಕೊಟ್ಟ ಪ್ರಮಾಣ, ಕೊಟ್ಟ ಸಮಯ ಎರಡನ್ನೂ ತಾಯಿ ಕಾರ್ಡಿನಲ್ಲಿ ಬರೆದೇ ಆಂಬುಲೆನ್ಸ್ ಹತ್ತಿಸಬೇಕು. ಬರೆಯದಿದ್ದರೆ ಅಲ್ಲಿನವರು ಮತ್ತೆ ಮೊದಲಿನಿಂದ ಪೂರ್ತಿ ಡೋಸ್ ಕೊಟ್ಟುಬಿಡುತ್ತಾರೆ.