ಹಿನ್ನೆಲೆಯ ಪ್ರೋಸೆಸ್ ಸತ್ತರೆ ಗೊತ್ತಾಗುವುದು ಯಾರಿಗೆ?

ಕಮಾಂಡಿನ ಕೊನೆಗೆ & ಹಾಕಿ ಎಂಟರ್ ಒತ್ತಿದರೆ ಕೆಲಸ ಹಿನ್ನೆಲೆಗೆ ಹೋಗುತ್ತದೆ. ಪ್ರಾಂಪ್ಟ್ ಕೂಡಲೇ ವಾಪಸ್ ಬರುತ್ತದೆ. ಯುನಿಕ್ಸ್ ಕಲಿಯುವ ಮೊದಲ ವಾರದಲ್ಲೇ ನಾನು ಇದನ್ನು ಕಲಿತಿದ್ದೆ, ಇಷ್ಟೇ ಸಾಕು ಅಂದುಕೊಂಡಿದ್ದೆ. ಒಂದು ರಾತ್ರಿ ದೂರದ ಸರ್ವರಿಗೆ ಎಸ್‌ಎಸ್‌ಹೆಚ್ ಮೂಲಕ ಹೋಗಿ, ಬೆಳಗಿನವರೆಗೂ ಓಡಬೇಕಿದ್ದ ಸ್ಕ್ರಿಪ್ಟಿಗೆ & ಹಚ್ಚಿ, ಲ್ಯಾಪ್‌ಟಾಪ್ ಮುಚ್ಚಿ ಮಲಗಿದೆ. ಬೆಳಿಗ್ಗೆ ನೋಡಿದರೆ ಸ್ಕ್ರಿಪ್ಟ್ ಇಲ್ಲ. ಯಾವಾಗ ಸತ್ತಿತು, ಯಾಕೆ ಸತ್ತಿತು, ಒಂದು ಸಾಲಿನ ಸುಳಿವೂ ಇಲ್ಲ. ಈ ಟಿಪ್ಪಣಿ ಬರೆಯಲು ಶುರು ಮಾಡಿದ್ದು ಆವತ್ತು.

& ನಿಜವಾಗಿ ಮಾಡುವುದು ತುಂಬಾ ಕಡಿಮೆ. ನಾವು ಟೈಪ್ ಮಾಡುವ ಕಮಾಂಡ್‌ಗಳನ್ನು ನಡೆಸುವ ಶೆಲ್ ಎಂದಿನಂತೆ ಫೋರ್ಕ್ ಮಾಡಿ, ಅಂದರೆ ತನ್ನದೇ ನಕಲು ತೆಗೆದು, ಒಂದು ಚೈಲ್ಡ್ ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಂ) ಹುಟ್ಟಿಸುತ್ತದೆ. ಆ ಚೈಲ್ಡ್ ಎಕ್ಸೆಕ್ ಮಾಡಿ ನಮ್ಮ ಪ್ರೋಗ್ರಾಂ ಆಗಿ ಬದಲಾಗುತ್ತದೆ. ಒಂದೇ ವ್ಯತ್ಯಾಸ, ಅದು ಮುಗಿಯಲಿ ಎಂದು ಶೆಲ್ ಕಾಯುತ್ತಾ ಕೂರುವುದಿಲ್ಲ. ಆ ಪ್ರೋಸೆಸ್ ಬೇರೆ ಗುಂಪಿನಲ್ಲಿರುವುದರಿಂದ ಕಂಟ್ರೋಲ್-ಸಿ ಒತ್ತಿದರೂ ಅದಕ್ಕೆ ತಾಗುವುದಿಲ್ಲ. ಆದರೆ ಸೆಷನ್ (ಒಂದು ಲಾಗಿನ್ನಿನ ಪ್ರೋಸೆಸ್‌ಗಳೆಲ್ಲ ಸೇರಿದ ಕೂಟ) ಅದೇ, ಟರ್ಮಿನಲ್ ಅದೇ. ಹಾಗಾಗಿ ಹಿನ್ನೆಲೆಯಲ್ಲಿದ್ದುಕೊಂಡೇ ನಿಮ್ಮ ಪರದೆ ಮೇಲೆ ಅಕ್ಷರ ಚೆಲ್ಲುತ್ತದೆ. ಕೀಬೋರ್ಡಿನಿಂದ ಏನಾದರೂ ಓದಲು ಹೋದರೆ ಮಾತ್ರ ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳು, ಸಿಗ್‌ಟಿಟಿಐಎನ್ ಎಂಬ ಸಿಗ್ನಲ್ (ಪ್ರೋಸೆಸ್ಸಿಗೆ ಕೊಡುವ ಪುಟ್ಟ ಸೂಚನೆ) ಕಳಿಸಿ ಅದನ್ನು ಅಲ್ಲೇ ನಿಲ್ಲಿಸುತ್ತದೆ. "ಹಿನ್ನೆಲೆಗೆ ಹಾಕಿದೆ, ಮುಂದೆ ಹೋಗ್ತಾನೇ ಇಲ್ಲ" ಎಂದು ಗೋಳಾಡುವವರದು ಬಹಳ ಸಲ ಇದೇ ಕಥೆ. ಪ್ರೋಗ್ರಾಂ ಎಲ್ಲೋ "ಹೌದೋ ಅಲ್ಲವೋ" ಎಂದು ಕೇಳಿ ಉತ್ತರಕ್ಕೆ ಕಾಯುತ್ತಿರುತ್ತದೆ. "ಜಾಬ್ಸ್" ಕೊಟ್ಟು ನೋಡಿ, "ಎಫ್‌ಜಿ" ಕೊಟ್ಟು ಮುಂದಕ್ಕೆ ತಂದು ಉತ್ತರಿಸಿ, ಕಂಟ್ರೋಲ್-ಝಡ್ ಒತ್ತಿ ನಿಲ್ಲಿಸಿ, "ಬಿಜಿ" ಕೊಟ್ಟು ಮತ್ತೆ ಹಿಂದಕ್ಕೆ ಕಳಿಸಿ.

ಇನ್ನು ನನ್ನ ಸ್ಕ್ರಿಪ್ಟನ್ನು ಕೊಂದವರು ಯಾರು? ಸಿಗ್‌ಹಪ್, ಸಿಗ್ನಲ್ ನಂಬರ್ 1. ಹಪ್ ಅಂದರೆ ಹ್ಯಾಂಗ್ ಅಪ್. ಮೋಡೆಮ್ ಮೂಲಕ ಫೋನ್ ಲೈನಿನಲ್ಲಿ ಲಾಗಿನ್ ಆಗುತ್ತಿದ್ದ ಕಾಲದಲ್ಲಿ ಲೈನ್ ಕಟ್ಟಾದರೆ ಬರುತ್ತಿದ್ದ ಸುದ್ದಿ ಇದು. ಈಗ ಫೋನ್ ಲೈನ್ ಇಲ್ಲ, ಸುದ್ದಿ ಮಾತ್ರ ಉಳಿದಿದೆ. ಸಂಪರ್ಕ ಕಡಿದಾಗ ಕರ್ನಲ್ ಇದನ್ನು ಶೆಲ್‌ಗೆ ಕಳಿಸುತ್ತದೆ. ನನ್ನ ಶೆಲ್ ಆದ ಬ್ಯಾಷ್ ಸಾಯುವ ಮೊದಲು ತನ್ನ ಜಾಬ್‌ಗಳಿಗೆಲ್ಲ (ತಾನು ಶುರು ಮಾಡಿದ ಕೆಲಸಗಳಿಗೆಲ್ಲ) ಅದನ್ನೇ ಹಂಚುತ್ತದೆ. ಅದನ್ನು ಹಿಡಿಯುವ ವ್ಯವಸ್ಥೆ ಮಾಡಿಕೊಳ್ಳದ ಪ್ರೋಗ್ರಾಂ ಸಾಯುತ್ತದೆ.

ಇಲ್ಲಿ ಒಂದು ತಮಾಷೆ ಇದೆ. ಲ್ಯಾಪ್‌ಟಾಪ್ ಮುಚ್ಚುವ ಬದಲು "ಎಕ್ಸಿಟ್" ಎಂದು ಟೈಪ್ ಮಾಡಿ ಹೊರಬಂದಿದ್ದರೆ ಸ್ಕ್ರಿಪ್ಟ್ ಬಹುಶಃ ಬದುಕುತ್ತಿತ್ತು. ಹಾಗೆ ಹೊರಬಂದಾಗ ಬ್ಯಾಷ್ ಸಾಮಾನ್ಯವಾಗಿ ಜಾಬ್‌ಗಳಿಗೆ ಸಿಗ್‌ಹಪ್ ಕಳಿಸುವುದಿಲ್ಲ. "ಹಪ್‌ಆನ್‌ಎಕ್ಸಿಟ್" ಎಂಬ ಆಯ್ಕೆ ಆನ್ ಇದ್ದರೆ ಲಾಗಿನ್ ಶೆಲ್ ಮಾತ್ರ ಕಳಿಸುತ್ತದೆ. "ನಾನು & ಹಾಕಿಯೇ ಬಿಡೋದು, ಏನೂ ಆಗಲ್ಲ" ಎಂದು ಗೆಳೆಯರು ವಾದ ಮಾಡಿದರೆ ಅವರು ಸುಳ್ಳು ಹೇಳುತ್ತಿಲ್ಲ. ಹೊರಬರುವ ದಾರಿ ಬೇರೆ, ಅಷ್ಟೇ.

ಇದಕ್ಕೆ ಮೂರು ಮದ್ದುಗಳಿವೆ. ಮೂರೂ ಒಂದೇ ಅಂದುಕೊಂಡು ಗೊಂದಲ ಮಾಡಿಕೊಳ್ಳುವವರೇ ಜಾಸ್ತಿ. "ನೋಹಪ್" ಪ್ರೋಗ್ರಾಂ ಶುರುವಾಗುವ ಮೊದಲೇ ಸಿಗ್‌ಹಪ್‌ಗೆ ಕಿವಿ ಮುಚ್ಚಿಸುತ್ತದೆ. ಔಟ್‌ಪುಟ್ ಟರ್ಮಿನಲ್ಲಿಗೆ ಹೋಗುವಂತಿದ್ದರೆ ಅದನ್ನು ಒಂದು ಫೈಲಿಗೆ ತಿರುಗಿಸುತ್ತದೆ. ಅದು ತಾನಾಗಿ ಹಿನ್ನೆಲೆಗೆ ಕಳಿಸುವುದಿಲ್ಲ, & ನೀವೇ ಹಾಕಬೇಕು. "ಡಿಸ್‌ಓನ್" ಪ್ರೋಸೆಸ್ಸನ್ನು ಮುಟ್ಟುವುದೇ ಇಲ್ಲ. ಶೆಲ್ ತನ್ನ ಪಟ್ಟಿಯಿಂದ ಹೆಸರು ಹೊಡೆದುಹಾಕುತ್ತದೆ. ಹಾಗಾಗಿ ಸಿಗ್‌ಹಪ್ ಹಂಚುವಾಗ ಅದರ ನೆನಪು ಬರುವುದಿಲ್ಲ. ಆದರೆ ಔಟ್‌ಪುಟ್ ಇನ್ನೂ ಹಳೇ ಟರ್ಮಿನಲ್ಲಿಗೇ ಅಂಟಿಕೊಂಡಿರುತ್ತದೆ. ಟರ್ಮಿನಲ್ ಹೋದಮೇಲೆ ಬರೆಯಲು ಹೊರಟರೆ ಎರರ್ ಬರುತ್ತದೆ, ಎಷ್ಟೋ ಪ್ರೋಗ್ರಾಂಗಳು ಅಲ್ಲಿಗೇ ಸಾಯುತ್ತವೆ. "ಸೆಟ್‌ಸಿಡ್" ಹೊಸ ಸೆಷನ್ ಕೊಡುತ್ತದೆ. ಟರ್ಮಿನಲ್ಲಿನ ನಂಟೇ ಇಲ್ಲದ ಮೇಲೆ ಅದರ ಸಾವಿನ ಸುದ್ದಿಯೂ ಬರುವುದಿಲ್ಲ. ಇದರಲ್ಲೂ ಔಟ್‌ಪುಟ್ ಎಲ್ಲಿಗೆ ಹೋಗಬೇಕೆಂದು ನೀವೇ ಹೇಳಬೇಕು.

ನನ್ನನ್ನು ಕೇಳಿದರೆ, ನೀವೇ ಮತ್ತೆ ಬಂದು ನೋಡುವ ಕೆಲಸಕ್ಕೆ ಈ ಮೂರೂ ಬೇಡ, ಸರ್ವರಿನಲ್ಲೇ ಟರ್ಮಿನಲ್ ಉಳಿಸಿಡುವ ಟಿಮಕ್ಸ್ ಸಾಕು. ಟರ್ಮಿನಲ್ ಸಾಯುವುದೇ ತೊಂದರೆ ಆದರೆ, ಸಾಯದ ಟರ್ಮಿನಲ್ ಇಟ್ಟುಕೊಳ್ಳುವುದು ಸುಲಭ ಅಲ್ವಾ? 1987ರಿಂದ ಇರುವ ಸ್ಕ್ರೀನ್ ಎಂಬ ಪ್ರೋಗ್ರಾಂ ಮಾಡುವುದೂ ಇದನ್ನೇ.

ಇನ್ನೊಂದು ವಿಷಯ ನನ್ನ ಎರಡು ಗಂಟೆ ತಿಂದಿದೆ. ಔಟ್‌ಪುಟ್ಟನ್ನು ಫೈಲಿಗೆ ತಿರುಗಿಸಿದಾಗ ಲಾಗ್ ಖಾಲಿ ಕಾಣಬಹುದು. ಪ್ರೋಗ್ರಾಂ ನಿಂತಿರುವುದಿಲ್ಲ. ಟರ್ಮಿನಲ್ ಎದುರಿಗಿದ್ದರೆ ಸಿ ಲೈಬ್ರರಿ ಸಾಲು ಸಾಲಾಗಿ ಬರೆಯುತ್ತದೆ. ಫೈಲ್ ಆದರೆ ಒಂದಷ್ಟು ಸೇರಿದ ಮೇಲೆ ಒಟ್ಟಿಗೆ ಸುರಿಯುತ್ತದೆ. ಮಧ್ಯೆ ಸಿಗ್‌ಕಿಲ್ (ತಡೆಯಲಾಗದ, ಕೊಲ್ಲುವ ಸಿಗ್ನಲ್) ಬಿದ್ದರೆ ಬಫರಿನಲ್ಲಿ, ಅಂದರೆ ಬರೆಯದೆ ಕೂಡಿಟ್ಟ ಜಾಗದಲ್ಲಿ, ಇದ್ದ ಕೊನೆಯ ಸಾಲುಗಳು ಹೋದಂತೆಯೇ. ನಿಮಗೆ ಬೇಕಾಗಿರುವುದು ಸಾಮಾನ್ಯವಾಗಿ ಆ ಸಾಲುಗಳೇ.

ಇಷ್ಟಾದರೂ ನಿಜವಾದ ಪ್ರಶ್ನೆ ಹಾಗೇ ಉಳಿದಿದೆ. ಟರ್ಮಿನಲ್ಲಿನಿಂದ ಬಿಡಿಸಿಕೊಂಡದ್ದಾಯಿತು. ಆದರೆ ಮೆಮೊರಿ ಸಾಲದೆಯೋ, ಕೋಡಿನ ತಪ್ಪಿನಿಂದಲೋ ಪ್ರೋಸೆಸ್ ತಾನಾಗಿ ಬಿದ್ದರೆ? ನೋಹಪ್‌ಗೆ ಗೊತ್ತಾಗುವುದಿಲ್ಲ, ಟಿಮಕ್ಸ್ ಎಬ್ಬಿಸುವುದಿಲ್ಲ. ಯುನಿಕ್ಸ್‌ನಲ್ಲಿ ಒಂದು ಪ್ರೋಸೆಸ್ ಸತ್ತ ಸುದ್ದಿ ತಾನಾಗಿ ತಲುಪುವುದು ಅದನ್ನು ಹುಟ್ಟಿಸಿದ ಪೇರೆಂಟಿಗೆ. ಕರ್ನಲ್ ಪೇರೆಂಟಿಗೆ ಸಿಗ್‌ಚೈಲ್ಡ್ ಕಳಿಸುತ್ತದೆ. ಪೇರೆಂಟ್ "ವೇಟ್" ಕರೆದು ಸಾವಿನ ಕಾರಣ ಪಡೆಯುತ್ತದೆ. ಪೇರೆಂಟ್ ವೇಟ್ ಕರೆಯದಿದ್ದರೆ ಸತ್ತವನ ಹೆಸರು ಪಟ್ಟಿಯಲ್ಲಿ ಜಾಂಬಿಯಾಗಿ ಉಳಿಯುತ್ತದೆ. ಜಾಂಬಿಗೆ "ಕಿಲ್ -9" (ಸಿಗ್‌ಕಿಲ್ ಕಳಿಸುವ ಕಮಾಂಡ್) ಹೊಡೆದು ಪ್ರಯೋಜನವಿಲ್ಲ, ಅದು ಆಗಲೇ ಸತ್ತಿದೆ. ಪೇರೆಂಟ್ ಮೊದಲು ಸತ್ತರೆ ಚೈಲ್ಡ್ ಅನಾಥವಾಗಿ ಪಿಐಡಿ (ಪ್ರೋಸೆಸ್ ನಂಬರ್) 1ರ, ಅಂದರೆ ಸಿಸ್ಟಮ್ಮಿನ ಮೊದಲ ಪ್ರೋಸೆಸ್ಸಿನ, ಮಡಿಲಿಗೆ ಬೀಳುತ್ತದೆ. ಡೆಸ್ಕ್‌ಟಾಪ್ ಲಿನಕ್ಸ್‌ನಲ್ಲಿ ಇದನ್ನು ಪ್ರಯೋಗ ಮಾಡಿದರೆ 1ರ ಬದಲು ಬೇರೆ ನಂಬರ್ ಕಾಣಬಹುದು. ಅದು ನಿಮ್ಮ ಲಾಗಿನ್ನಿನ ಸಿಸ್ಟಮ್‌ಡಿ (ಸದಾ ಓಡಬೇಕಾದ ಸರ್ವಿಸ್‌ಗಳನ್ನು ನೋಡಿಕೊಳ್ಳುವ ಪ್ರೋಗ್ರಾಂ). ಅನಾಥರನ್ನು ತಾನೇ ಸಾಕುತ್ತೇನೆಂದು ಅದು ಮೊದಲೇ ಕರ್ನಲ್‌ಗೆ ಹೇಳಿರುತ್ತದೆ.

ಸಾವಿನ ಕಾರಣ ಶೆಲ್‌ನಲ್ಲಿ ಒಂದು ಸಂಖ್ಯೆಯಾಗಿ ಕಾಣುತ್ತದೆ. 0 ಅಂದರೆ ಸರಿಯಾಗಿ ಮುಗಿದಿದೆ. ಸಿಗ್ನಲ್ಲಿನಿಂದ ಸತ್ತಿದ್ದರೆ 128ಕ್ಕೆ ಸಿಗ್ನಲ್ ನಂಬರ್ ಕೂಡಿಸಿ. ಸಿಗ್‌ಟರ್ಮ್ (ನಿಲ್ಲಿಸು ಎನ್ನುವ ಸಾಮಾನ್ಯ ಸಿಗ್ನಲ್) 15, ಆದ್ದರಿಂದ 143. ಸಿಗ್‌ಕಿಲ್ 9, ಆದ್ದರಿಂದ 137. 137 ಕಂಡಾಗ ಮೊದಲು ಮೆಮೊರಿ ಸಾಕಾಗಿತ್ತೇ ನೋಡಿ. ಮೆಮೊರಿ ಮುಗಿದಾಗ ಲಿನಕ್ಸ್ ಕರ್ನಲ್ ಬಳಸುವುದು ಸಿಗ್‌ಕಿಲ್ಲನ್ನೇ.

ಈಗ ಹಳೇ ಕಾಲದ ಡೀಮನ್‌ಗಳ, ಅಂದರೆ ಸದಾ ಹಿನ್ನೆಲೆಯಲ್ಲೇ ಓಡುವ ಪ್ರೋಗ್ರಾಂಗಳ, ಕಡೆ ನೋಡಿ. (ಈ ಹೆಸರು 1963ರ ಸುಮಾರಿಗೆ ಎಂಐಟಿಯ ಪ್ರಾಜೆಕ್ಟ್ ಮ್ಯಾಕ್‌ನಲ್ಲಿ ಹುಟ್ಟಿದ್ದು, ಭೌತಶಾಸ್ತ್ರದ ಮ್ಯಾಕ್ಸ್‌ವೆಲ್‌ನ ಭೂತದಿಂದ.) ಡೀಮನ್ ಫೋರ್ಕ್ ಮಾಡುತ್ತಿತ್ತು, ಪೇರೆಂಟ್ ಹೊರಟುಹೋಗುತ್ತಿತ್ತು, ಹೊಸ ಸೆಷನ್ ಮಾಡಿಕೊಂಡು ಇನ್ನೊಮ್ಮೆ ಫೋರ್ಕ್ ಮಾಡುತ್ತಿತ್ತು. ಅಂದರೆ ಬೇಕೆಂದೇ ಅನಾಥವಾಗುವುದು. ಟರ್ಮಿನಲ್ ಕಾಟ ತಪ್ಪಿತು, ನಿಜ. ಆದರೆ ಅದರ ಮೇಲೆ ಕಣ್ಣಿಡಬಹುದಾಗಿದ್ದ ಪೇರೆಂಟೂ ಹೋಯಿತು. ಆ ಕೊರತೆ ತುಂಬಲು ಡೀಮನ್ ತನ್ನ ನಂಬರನ್ನು ಪಿಐಡಿ ಫೈಲಿನಲ್ಲಿ ಬರೆದಿಡುತ್ತಿತ್ತು. ಪಿಐಡಿ ಫೈಲ್ ಅಂದರೆ ಗಾಳಿಮಾತು. ಡೀಮನ್ ಥಟ್ಟನೆ ಸತ್ತರೆ ಫೈಲ್ ಅಲ್ಲೇ ಉಳಿಯುತ್ತದೆ. ನಂಬರ್‌ಗಳು ಸುತ್ತಿ ಬರುತ್ತವೆ. ಲಿನಕ್ಸ್‌ನಲ್ಲಿ ಬಹಳ ಕಾಲ 32768ಕ್ಕೇ ಮುಗಿದು ಮತ್ತೆ ಮೊದಲಿನಿಂದ ಶುರುವಾಗುತ್ತಿದ್ದವು. ಅದೇ ನಂಬರ್ ನಾಳೆ ಇನ್ಯಾರಿಗೋ ಸಿಕ್ಕಿರುತ್ತದೆ. ಫೈಲ್ ನಂಬಿ ಕಿಲ್ ಹೊಡೆದರೆ ಏಟು ಬೀಳುವುದು ಪಾಪದ ಪ್ರೋಸೆಸ್ಸಿಗೆ.

ಡೇನಿಯಲ್ ಬರ್ನ್‌ಸ್ಟೈನ್ ಬರೆದ ಡೀಮನ್‌ಟೂಲ್ಸ್ ಇದನ್ನು ತಿರುಗಿಸಿ ಹಾಕಿತು. ಅದು ಡೀಮನ್‌ಗೆ ಹೇಳಿದ್ದು ಇಷ್ಟು: ನೀನು ಹಿನ್ನೆಲೆಗೆ ಹೋಗಬೇಡ, ಮುನ್ನೆಲೆಯಲ್ಲೇ ಇರು, ನಾನು ನಿನ್ನ ಪೇರೆಂಟ್ ಆಗಿರುತ್ತೇನೆ. ಸತ್ತರೆ ನನಗೇ ಮೊದಲು ಗೊತ್ತಾಗುತ್ತದೆ, ಮತ್ತೆ ಎಬ್ಬಿಸುತ್ತೇನೆ. ರನ್‌ಇಟ್, ಎಸ್6 ಇದೇ ದಾರಿಯಲ್ಲಿ ಬಂದವು. ಹೀಗೆ ಪೇರೆಂಟ್ ಆಗಿ ಕಾಯುವ ಸೂಪರ್‌ವೈಸರ್‌ನ ಗುಟ್ಟು ಇಷ್ಟೇ. ಆದ್ದರಿಂದ ಸರ್ವಿಸ್ ಬರೆಯುವಾಗ ಒಳಗೆ & ಹಾಕಬೇಡಿ, "ಡೀಮನ್ ಮೋಡ್" ಎಂಬ ಆಯ್ಕೆ ಇದ್ದರೆ ಆಫ್ ಮಾಡಿ.

ಇಲ್ಲಿ ಎಲ್ಲರೂ ಒಮ್ಮೆ ಎಡವುತ್ತಾರೆ. ನಾಲ್ಕು ವೇರಿಯಬಲ್ ಸೆಟ್ ಮಾಡಲು ಒಂದು ಪುಟ್ಟ ಶೆಲ್ ಸ್ಕ್ರಿಪ್ಟ್ ಬರೆದು, ಕೊನೇ ಸಾಲಿನಲ್ಲಿ ಪ್ರೋಗ್ರಾಂ ಕರೆಯುತ್ತೀರಿ. ಆಗ ಸೂಪರ್‌ವೈಸರ್‌ನ ಚೈಲ್ಡ್ ಆಗಿರುವುದು ಶೆಲ್. ನಿಮ್ಮ ಪ್ರೋಗ್ರಾಂ ಮೊಮ್ಮಗು. ನಿಲ್ಲಿಸು ಎಂದು ಕಳಿಸಿದ ಸಿಗ್‌ಟರ್ಮ್ ಶೆಲ್‌ಗೆ ಹೋಗುತ್ತದೆ. ಶೆಲ್ ಸಾಯುತ್ತದೆ, ಪ್ರೋಗ್ರಾಂ ತನ್ನ ಪೋರ್ಟ್ (ನೆಟ್‌ವರ್ಕಿನ ಬಾಗಿಲು) ಹಿಡಿದುಕೊಂಡು ಹಾಗೇ ಕೂತಿರುತ್ತದೆ. ಮುಂದಿನ ಸಲ ಶುರು ಮಾಡಿದರೆ "ಪೋರ್ಟ್ ಖಾಲಿ ಇಲ್ಲ" ಎಂಬ ಎರರ್. ಕೊನೇ ಸಾಲಿನ ಮುಂದೆ "ಎಕ್ಸೆಕ್" ಎಂಬ ಒಂದು ಪದ ಸೇರಿಸಿದರೆ ಶೆಲ್ ತಾನೇ ಪ್ರೋಗ್ರಾಂ ಆಗಿ ಬದಲಾಗುತ್ತದೆ, ಪಿಐಡಿ ಅದೇ ಇರುತ್ತದೆ. ಡಾಕರ್ ಕಂಟೇನರ್ (ಪ್ರೋಗ್ರಾಂ ಓಡುವ ಪ್ರತ್ಯೇಕ ಪೆಟ್ಟಿಗೆ) ನಿಲ್ಲಿಸಲು ಪ್ರತಿ ಸಲ ಸರಿಯಾಗಿ 10 ಸೆಕೆಂಡ್ ಹಿಡಿಯುತ್ತಿದ್ದರೂ ಮೊದಲು ಇದನ್ನೇ ಅನುಮಾನಿಸಿ. ಅಲ್ಲಿ ಶೆಲ್ ಪಿಐಡಿ 1 ಆಗಿರುತ್ತದೆ. ಪಿಐಡಿ 1 ತಾನಾಗಿ ಹಿಡಿಯದ ಸಿಗ್‌ಟರ್ಮ್‌ಗೆ ಕರ್ನಲ್ ಬೆಲೆ ಕೊಡುವುದಿಲ್ಲ. 10 ಸೆಕೆಂಡ್ ಕಾದು ಡಾಕರ್ ಸಿಗ್‌ಕಿಲ್ ಹೊಡೆಯುತ್ತದೆ.

2010ರಲ್ಲಿ ಬಂದ ಸಿಸ್ಟಮ್‌ಡಿ ಒಂದು ಹೆಜ್ಜೆ ಮುಂದೆ ಹೋಗಿ, ಪ್ರತಿ ಸರ್ವಿಸನ್ನೂ ಕರ್ನಲ್‌ನ ಸಿಗ್ರೂಪ್ ಎಂಬ ಬೇಲಿಯೊಳಗೆ ಇಡುತ್ತದೆ. ಎಷ್ಟು ಸಲ ಫೋರ್ಕ್ ಮಾಡಿದರೂ ಬೇಲಿ ದಾಟಲಾಗದು, ನಿಲ್ಲಿಸುವಾಗ ಮಕ್ಕಳು ಮೊಮ್ಮಕ್ಕಳು ಎಲ್ಲರಿಗೂ ಸಿಗ್‌ಟರ್ಮ್. ಸಾಮಾನ್ಯವಾಗಿ 90 ಸೆಕೆಂಡಾದರೂ ಹೋಗದವರಿಗೆ ಸಿಗ್‌ಕಿಲ್.

ಸಿಸ್ಟಮ್‌ಡಿಯ "ರೀಸ್ಟಾರ್ಟ್" ಸೆಟ್ಟಿಂಗಿಗೆ "ಆನ್-ಫೇಲ್ಯೂರ್" ಎಂದು ಕೊಟ್ಟು, ಪರೀಕ್ಷೆಗೆಂದು ಸುಮ್ನೆ ಕಿಲ್ ಹೊಡೆದು, "ಇದು ಎಬ್ಬಿಸ್ತಾನೇ ಇಲ್ಲ" ಎಂದು ನಾನು ತಲೆ ಕೆಡಿಸಿಕೊಂಡಿದ್ದೆ. ಬರೀ ಕಿಲ್ ಕಳಿಸುವುದು ಸಿಗ್‌ಟರ್ಮ್. ಅದರಿಂದ ಸತ್ತರೆ ಸಿಸ್ಟಮ್‌ಡಿ ಅದನ್ನು ಮರ್ಯಾದೆಯ ನಿರ್ಗಮನ ಎಂದೇ ಲೆಕ್ಕ ಹಾಕುತ್ತದೆ. ಪರೀಕ್ಷೆಗೆ "ಕಿಲ್ -9" ಹೊಡೆಯಿರಿ.

ಎಬ್ಬಿಸುವುದಕ್ಕೂ ಮಿತಿ ಬೇಕು. ಕಾನ್ಫಿಗ್ ಫೈಲಿನಲ್ಲೇ ತಪ್ಪಿದ್ದರೆ ನೂರು ಸಲ ಎಬ್ಬಿಸಿದರೂ ನೂರು ಸಲ ಬೀಳುತ್ತದೆ. ಸಿಸ್ಟಮ್‌ಡಿ ಬೇರೆ ಹೇಳದಿದ್ದರೆ 10 ಸೆಕೆಂಡಿನಲ್ಲಿ 5 ಸಲ ಶುರು ಮಾಡಿ ನೋಡಿ ಕೈಚೆಲ್ಲುತ್ತದೆ. ಎರಡು ಪ್ರಯತ್ನಗಳ ನಡುವೆ ಅದು ಕಾಯುವುದು ಬರೀ 100 ಮಿಲಿಸೆಕೆಂಡ್. ಹಾಗಾಗಿ ಡೇಟಾಬೇಸ್ ಏಳುವುದು ಸ್ವಲ್ಪ ತಡವಾದರೂ ಐದೂ ಅವಕಾಶ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದಿರುತ್ತದೆ. ನಾನು ಆ ನಡುವಿನ ಕಾಯುವಿಕೆಯನ್ನು ಯಾವಾಗಲೂ 5 ಸೆಕೆಂಡಿಗೆ ಏರಿಸುತ್ತೇನೆ. ಆಗ 10 ಸೆಕೆಂಡಿನೊಳಗೆ 5 ಸಲ ಬೀಳಲು ಸಾಧ್ಯವೇ ಇಲ್ಲ, ಡೇಟಾಬೇಸ್ ಬರುವವರೆಗೂ ಪ್ರಯತ್ನ ನಡೆಯುತ್ತಲೇ ಇರುತ್ತದೆ.

ಒಂದು ಕುರುಡು ಜಾಗ ಮಾತ್ರ ಉಳಿಯುತ್ತದೆ. ಪೇರೆಂಟಿಗೆ ಗೊತ್ತಾಗುವುದು ಸಾವು. ಬದುಕಿದ್ದೂ ಸುಮ್ಮನೆ ಕೂತ ಪ್ರೋಸೆಸ್, ಅಂದರೆ ಯಾವುದೋ ಲಾಕಿಗೆ ಕಾಯುತ್ತಾ ನಿಂತದ್ದು, ಅದರ ಕಣ್ಣಿಗೆ ಆರೋಗ್ಯವಾಗಿಯೇ ಕಾಣುತ್ತದೆ. ಅದಕ್ಕೆ ಸಿಸ್ಟಮ್‌ಡಿಯಲ್ಲಿ ವಾಚ್‌ಡಾಗ್ ಇದೆ. ಪ್ರೋಗ್ರಾಂ ಗೊತ್ತಾದ ಅವಧಿಯೊಳಗೆ "ಇದ್ದೇನೆ" ಎಂದು ಹೇಳುತ್ತಿರಬೇಕು. ಹೇಳದಿದ್ದರೆ ಸಿಗ್‌ಅಬಾರ್ಟ್ ಕಳಿಸಿ ಬೀಳಿಸುತ್ತದೆ, ಆಮೇಲೆ ಎಂದಿನಂತೆ ಎಬ್ಬಿಸುತ್ತದೆ. ಆ "ಇದ್ದೇನೆ"ಯನ್ನು ಬೇರೊಂದು ಥ್ರೆಡ್ಡಿನಿಂದ ಹೇಳಿಸಬೇಡಿ. ಮುಖ್ಯ ಕೆಲಸ ನಿಂತಿದ್ದರೂ ಆ ಥ್ರೆಡ್ ಹೇಳುತ್ತಲೇ ಇರುತ್ತದೆ.